ಹೆಸರು, ನೆಲೆ, ದುಡಿಮೆ: ಬಿಳಿಗಿರಿಯ ಸೋಲಿಗರ ಇತಿಹಾಸ ಮತ್ತು ಮನಸ್ಸಿನ ಆರೋಗ್ಯ

ಆರೋಗ್ಯವೆಂದೊಡನೆ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಮಾತು ಬರುತ್ತದೆ. ಮನಸ್ಸಿನ ಆರೋಗ್ಯದ ಮಾತು ಬರುವುದು ಕಡಿಮೆ. ಬಂದರೂ ‘ಈಮಾನ್ ದುರ್ಬಲವಾಗಿದೆ’ ಎಂದೋ ‘ನಜರ್ ತಗುಲಿದೆ’ ಎಂದೋ ಅಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ ಮನಸ್ಸು ಕುಗ್ಗಿದ ಅನೇಕರ ಒಳಗೆ ಕೊರೆಯುತ್ತಿರುವ ಪ್ರಶ್ನೆ ಬಹಳ ಸರಳವಾದದ್ದು: ನಾನು ಯಾರು? ನನಗೆ ಏನಾದರೂ ಬೆಲೆಯಿದೆಯೇ?

ಈ ಪ್ರಶ್ನೆಗೆ ಮನುಷ್ಯನು ಒಬ್ಬನೇ ಕುಳಿತು ಉತ್ತರ ಕಂಡುಕೊಳ್ಳಬಲ್ಲನೇ? ಅಥವಾ ಜನರು ಅವನನ್ನು ಕರೆಯುವ ಹೆಸರು, ಅವನಿಗಿರುವ ನೆಲೆ, ಅವನ ದುಡಿಮೆಗೆ ಸಲ್ಲುವ ಮನ್ನಣೆ ಇವೆಲ್ಲ ಸೇರಿ ಉತ್ತರವನ್ನು ರೂಪಿಸುತ್ತವೆಯೇ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿರುವ ನಾವು ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಊರುಗಳಿಂದ ಕಾಣುವ ಬೆಟ್ಟಗಳಲ್ಲಿ ಬಾಳುತ್ತಿರುವ ಸೋಲಿಗರ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ. ವಿಶ್ವಾಸದ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೂ ನೆರೆಯವರ ಇತಿಹಾಸವನ್ನು ನ್ಯಾಯದಿಂದ ಓದುವುದು ಮತ್ತು ಅದರಿಂದ ಪಾಠ ಕಲಿಯುವುದು ನಮ್ಮ ಧರ್ಮವು ನಮಗೆ ಕಲಿಸಿದ ಶಿಸ್ತು.

ಎರಡು ಮಾತುಗಳ ಅರ್ಥ

ಮೊದಲು ಎರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ‘ನಾನು ಇಂಥವನು’ ಎಂದು ಮನುಷ್ಯನು ತನ್ನ ಬಗ್ಗೆ ಇಟ್ಟುಕೊಂಡಿರುವ ಚಿತ್ರವೇ ಆತ್ಮಕಲ್ಪನೆ. ಆ ಚಿತ್ರಕ್ಕೆ ಅವನೇ ಕಟ್ಟುವ ಬೆಲೆ ಆತ್ಮಗೌರವ. 1890ರಲ್ಲಿ ಅಮೆರಿಕದ ವಿದ್ವಾಂಸ ವಿಲಿಯಂ ಜೇಮ್ಸ್ ಅವರು ಆತ್ಮಗೌರವವನ್ನು ಒಂದು ಲೆಕ್ಕದಂತೆ ವಿವರಿಸಿದರು: ಮನುಷ್ಯನು ಸಾಧಿಸಿದ್ದನ್ನು ಅವನು ಆಶಿಸಿದ್ದರಿಂದ ಭಾಗಿಸಿದರೆ ಬರುವ ಫಲವೇ ಅದು. 1902ರಲ್ಲಿ ಚಾರ್ಲ್ಸ್ ಕೂಲಿ ಅವರು ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು. ಇತರರ ಕಣ್ಣುಗಳೇ ನಮಗೆ ಕನ್ನಡಿ. ಅವರು ನಮ್ಮನ್ನು ಹೇಗೆ ಕಾಣುತ್ತಾರೆಂದು ನಾವು ಊಹಿಸುತ್ತೇವೆಯೋ ಹಾಗೆಯೇ ನಮ್ಮನ್ನು ನಾವು ಕಾಣತೊಡಗುತ್ತೇವೆ ಎಂಬುದು ಅವರ ವಿವರಣೆ. 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಅವರು ಹತ್ತು ಹೇಳಿಕೆಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ನ್ಯೂಯಾರ್ಕ್‌ನ ಸುಮಾರು 5000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಅವರಿಗೆ, ತಮ್ಮನ್ನು ತಾವು ಕೀಳಾಗಿ ಕಾಣುವವರಲ್ಲಿ ಆತಂಕ ಮತ್ತು ಖಿನ್ನತೆ ಹೆಚ್ಚಾಗಿರುವುದು ಕಂಡುಬಂತು.

ಇದು ಪಶ್ಚಿಮದವರು ಮಾತ್ರ ಯೋಚಿಸಿದ ವಿಷಯವಲ್ಲ. ಇವರಿಗಿಂತ ಸುಮಾರು ಸಾವಿರ ವರ್ಷಗಳ ಹಿಂದೆ, ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಅವರು ದೇಹದ ಮತ್ತು ಮನಸ್ಸಿನ ಪಾಲನೆಯ ಬಗ್ಗೆ ಅರಬಿ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದರು. ದೇಹಕ್ಕೆ ರೋಗ ಬರುವಂತೆ ಮನಸ್ಸಿಗೂ ರೋಗ ಬರುತ್ತದೆ, ಎರಡೂ ಒಂದನ್ನೊಂದು ಬಾಧಿಸುತ್ತವೆ ಎಂದು ಅವರು ವಿವರಿಸಿದರು. ಕೋಪ, ಭಯ, ದುಃಖ ಮತ್ತು ವಸ್‌ವಾಸ್ ಎಂಬ ನಾಲ್ಕನ್ನು ಪ್ರತ್ಯೇಕವಾಗಿ ಪರಿಶೀಲಿಸಿದರು. ಕಾರಣ ತಿಳಿದಿರುವ ದುಃಖವೇ ಬೇರೆ, ಕಾರಣವೇ ತಿಳಿಯದ ದುಃಖವೇ ಬೇರೆ ಎಂದು ವಿಂಗಡಿಸಿದರು. ಮನೆಯಲ್ಲಿ ಔಷಧಿಯನ್ನು ಮೊದಲೇ ತಂದಿಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕೆಂದು ಸಲಹೆಯಿತ್ತರು. ಮನೋರೋಗವನ್ನು ಅವಮಾನವೆಂದು ಭಾವಿಸಿ ಮುಚ್ಚಿಡುವುದು ನಮ್ಮ ಪರಂಪರೆಯಲ್ಲ ಎಂಬುದಕ್ಕೆ ಈ ಒಂದು ಗ್ರಂಥವೇ ಸಾಕು.

ಬೆಟ್ಟದ ಜನರು ತಮ್ಮನ್ನು ಕಂಡ ಬಗೆ

ಸೋಲಿಗರು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ ಹಾಗೂ ಅವುಗಳ ನಡುವಣ ಕಾಡುಗಳ ಮೂಲನಿವಾಸಿಗಳು. ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರವಾದ ಸೋಲಿಗನುಡಿ. ಅವರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಮೇರೆಯಿದೆ. ಅದನ್ನು ಅವರು ‘ಎಲ್ಲೆ’ ಎನ್ನುತ್ತಾರೆ. ಹಿರಿಯರ ಸಮಾಧಿ, ಪೂಜಿಸುವ ಕಲ್ಲು, ಹರಿಯುವ ತೊರೆ ಎಲ್ಲವೂ ಆ ಎಲ್ಲೆಯೊಳಗೆ ಹೆಸರು ಪಡೆದಿವೆ. ಬಿಳಿಗಿರಿರಂಗನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ಕಥೆಯಿಂದಾಗಿ ಬೆಟ್ಟದ ಒಡೆಯನನ್ನೇ ಅವರು ‘ಭಾವ’ನೆಂದು ಕರೆಯುತ್ತಾರೆ. ಮೊದಲ ರಾಗಿ ಫಸಲು ಬಂದಾಗ ರೊಟ್ಟಿ ಹಬ್ಬ ಮಾಡುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಕಾಡಿನಲ್ಲಿ ಬಾಳುತ್ತಿದ್ದ ಸೋಲಿಗನಿಗೆ ‘ನಾನು ಯಾರು’ ಎಂಬ ಪ್ರಶ್ನೆ ಸಂಕಟವಾಗಿರಲಿಲ್ಲ. ಕುಲವು ಅವನಿಗೆ ಹೆಸರು ಕೊಟ್ಟಿತ್ತು, ಎಲ್ಲೆಯು ನೆಲೆ ಕೊಟ್ಟಿತ್ತು. ಜೇನು ಇಳಿಸುವುದು, ನೆಲ್ಲಿ ಆರಿಸುವುದು, ಗಿಡಮೂಲಿಕೆ ಗುರುತಿಸುವುದು, ಬೇಸಾಯ ಮಾಡಿದ ತುಂಡನ್ನು ಬಿಟ್ಟು ಮುಂದಿನ ತುಂಡಿಗೆ ಹೋಗುವುದು ಅವನ ವಿದ್ಯೆಯಾಗಿತ್ತು. ಬೇಸಗೆ ಬಲಿಯುವ ಮುನ್ನವೇ ಒಣಗಿದ ಎಲೆಗೆ ಸಣ್ಣಗೆ ಬೆಂಕಿಯಿಡುವ ‘ತರಗು ಬೆಂಕಿ’ಯ ಪದ್ಧತಿಯೂ ಆ ವಿದ್ಯೆಯ ಭಾಗವೇ. ಇದರಿಂದ ನೆಲ ಹಸನಾಗುತ್ತದೆ ಮತ್ತು ದೊಡ್ಡ ಕಾಳ್ಗಿಚ್ಚು ತಪ್ಪುತ್ತದೆ ಎಂಬುದು ಅವರ ಹಿರಿಯರ ಅನುಭವ. ಹೀಗೆ ಹೆಸರು, ನೆಲೆ, ದುಡಿಮೆ ಎಂಬ ಮೂರು ಕಂಬಗಳ ಮೇಲೆ ಅವರ ಆತ್ಮಗೌರವವು ನಿಂತಿತ್ತು.

ಮೂರು ಕಂಬಗಳು ಅಲುಗಿದಾಗ

ಅಲುಗಾಟ ಆರಂಭವಾದದ್ದು ಕಾಗದದ ಮೇಲೆ. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಹನೂರು ಆಗ ಕೊಳ್ಳೇಗಾಲದ ಭಾಗವೇ ಆಗಿತ್ತು. ಒಂದೇ ಜನರ ಕಾಡು ಎರಡು ಸರಕಾರಗಳ ಕಾನೂನುಗಳಿಗೆ ಒಳಪಟ್ಟಿತು. ಆ ಕಡೆ 1882ರ ಮದರಾಸು ಅರಣ್ಯ ಕಾಯಿದೆ, ಈ ಕಡೆ ಮೈಸೂರಿನ ಅರಣ್ಯ ನಿಯಮಾವಳಿ. ಕಾಡು ‘ಮೀಸಲು’ ಆಯಿತು. ಅದರೊಳಗೆ ತಲೆತಲಾಂತರದಿಂದ ಇದ್ದವರ ಹಕ್ಕು ದಾಖಲೆಗೆ ಸೇರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಸ್ವಾತಂತ್ರ್ಯಾನಂತರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಧಾಮವೆಂದು ಘೋಷಿತವಾಯಿತು. ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿ ಅಪರಾಧವಾಯಿತು. ಚದುರಿ ಬಾಳುತ್ತಿದ್ದ ಕುಟುಂಬಗಳನ್ನು ರಸ್ತೆಯ ಆಸುಪಾಸಿನ ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಕಾಡುಪ್ರಾಣಿಗಳ ರಕ್ಷಣೆಯ ಉದ್ದೇಶ ಒಳ್ಳೆಯದೇ. ಆದರೆ ಅದರ ಹೊರೆಯನ್ನು ಹೊತ್ತವರು ಬಡವರು. ಕಾಡನ್ನು ಬಲ್ಲವನೆಂಬ ಹೆಸರಿದ್ದವನು ಕಡತದಲ್ಲಿ ‘ಒತ್ತುವರಿದಾರ’ನಾದನು. ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಸಹಕಾರ ಸಂಘಕ್ಕೆ ಮಾರುವ ದಾರಿಯೊಂದು ಉಳಿದಿತ್ತು. 2000ದ ದಶಕದ ಮಧ್ಯದಲ್ಲಿ ವನ್ಯಧಾಮದೊಳಗೆ ಅದಕ್ಕೂ ನಿಷೇಧ ಬಂದಿತು.

ಇದರ ನಡುವೆ ವೀರಪ್ಪನ್‌ನ ಕಾಲವೂ ಕಳೆಯಿತು. 2004ರ ಅಕ್ಟೋಬರ್‌ನಲ್ಲಿ ಅವನು ಹತನಾಗುವವರೆಗೆ ಹನೂರಿನ ಬೆಟ್ಟಸಾಲಿನ ಬಡ ಹಳ್ಳಿಗರ ಬದುಕು ಎರಡು ಭಯಗಳ ನಡುವೆ ಸಿಲುಕಿತ್ತು. ಆ ಕಾರ್ಯಾಚರಣೆಯಲ್ಲಿ ಹಿಂಸೆ ಅನುಭವಿಸಿದವರ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ನೀಡುವಂತೆ ಆಯೋಗವು ಶಿಫಾರಸು ಮಾಡಿತು. ಹಣದಿಂದ ಗಾಯಕ್ಕೆ ಮದ್ದು ತರಬಹುದು. ‘ನೀನು ಶಂಕಿತ’ ಎಂದು ವರ್ಷಗಟ್ಟಲೆ ಕೇಳಿಸಿಕೊಂಡ ಮನಸ್ಸಿಗೆ ಮದ್ದು ಎಲ್ಲಿಂದ ತರುವುದು?

ಮರಳಿ ಬಂದ ಹೆಸರು

ಗುಣವಾಗುವ ಕೆಲಸವೂ ಇದೇ ಬೆಟ್ಟದಲ್ಲಿ ನಡೆಯಿತು. ತರುಣ ವೈದ್ಯ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಮೊದಲಿಗೆ ಚಿಕಿತ್ಸೆ, ಅನಂತರ ಶಾಲೆ, ಅನಂತರ ಕೈಕಸುಬಿನ ತರಬೇತಿ. ಸೋಲಿಗರ ಗಿಡಮೂಲಿಕೆಯ ಅರಿವನ್ನು ಅಲ್ಲಿ ಮೂಢನಂಬಿಕೆಯೆಂದು ತಳ್ಳಿಹಾಕದೆ ವಿದ್ಯೆಯೆಂದು ಗೌರವಿಸಲಾಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಆದರೆ ಪ್ರಶಸ್ತಿಗಿಂತ ದೊಡ್ಡ ಫಲವೆಂದರೆ, ಸೋಲಿಗರು ತಮ್ಮ ಪರವಾಗಿ ತಾವೇ ಮಾತನಾಡಲು ನಿಂತದ್ದು. ಅವರದೇ ಸಂಘಗಳು ಹುಟ್ಟಿದವು. ಸೋಲಿಗ ಸಮುದಾಯದ ಡಾ. ಸಿ. ಮಾದೇಗೌಡ ಅವರು ಪಿಎಚ್.ಡಿ. ಪಡೆದು ತಮ್ಮ ಜನರ ಹಕ್ಕುಗಳ ಬಗ್ಗೆ, ತರಗು ಬೆಂಕಿಯ ಅರಿವಿನ ಬಗ್ಗೆ ವಿದ್ವಾಂಸರೊಡನೆ ಕುಳಿತು ಬರೆದರು. ಹಿರಿಯರು ಕಾಡಿನಲ್ಲಿ ನಡೆದು ತೋರಿಸಿದ ನೂರಾರು ಪವಿತ್ರ ತಾಣಗಳು ನಕ್ಷೆಯಲ್ಲಿ ಮೂಡಿದವು.

2006ರ ಡಿಸೆಂಬರ್‌ನಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಆ ಕಾಯಿದೆಯ ಪೀಠಿಕೆಯೇ ಒಪ್ಪಿಕೊಂಡಿದೆ. 2011ರ ಆರಂಭದಲ್ಲಿ ಬಿಳಿಗಿರಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೇಶದಲ್ಲಿ ಇಂತಹ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ನಿನ್ನೆಯವರೆಗೆ ‘ಒತ್ತುವರಿದಾರ’ನಾಗಿದ್ದವನು ಅಂದು ‘ಹಕ್ಕುದಾರ’ನಾದನು. 2022ರಲ್ಲಿ ವಿಜ್ಞಾನಿಗಳು ಇದೇ ಕಾಡಿನಲ್ಲಿ ಸಿಕ್ಕಿದ ಹೊಸ ಕಣಜವೊಂದರ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟರು.

ಇದರಿಂದ ಎಲ್ಲ ಕಷ್ಟಗಳೂ ತೀರಿದವು ಎಂದು ನಾವು ಹೇಳುತ್ತಿಲ್ಲ. ಕಾಡನ್ನು ತುಂಬಿದ ಲಂಟಾನ, ಕುಡಗೋಲು ಕಣ ರಕ್ತಹೀನತೆ, ಬಡತನ ಇವೆಲ್ಲ ಇಂದಿಗೂ ಇವೆ. ನಾವು ಹೇಳುವುದು ಇಷ್ಟೇ: ಆ ಜನರ ಆತ್ಮಗೌರವವನ್ನು ಯಾರೂ ಭಾಷಣದಿಂದ ಎತ್ತಿ ನಿಲ್ಲಿಸಲಿಲ್ಲ. ಕಳೆದುಹೋದ ಹೆಸರು, ನೆಲೆ, ದುಡಿಮೆಗಳು ಸ್ವಲ್ಪ ಸ್ವಲ್ಪವಾಗಿ ಮರಳಿದಂತೆ ಅದು ತಾನೇ ಎದ್ದು ನಿಂತಿತು.

ಇದು ಬಿಳಿಗಿರಿಗೆ ಮಾತ್ರ ಸೀಮಿತವಾದ ಮಾತಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮೂಲನಿವಾಸಿ ಸಮುದಾಯಗಳನ್ನು ಕುರಿತು ಚಾಂಡ್ಲರ್ ಮತ್ತು ಲಾಲೊಂಡ್ ಎಂಬ ಇಬ್ಬರು ಸಂಶೋಧಕರು 1998ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತಮ್ಮ ನೆಲದ ಹಕ್ಕು, ಸ್ವಂತ ಆಡಳಿತ, ಶಾಲೆ, ಆರೋಗ್ಯ ಸೇವೆ, ರಕ್ಷಣಾ ಸೇವೆ, ಸಂಸ್ಕೃತಿಯ ಕೇಂದ್ರ ಎಂಬ ಆರು ಅಂಶಗಳನ್ನು ಅವರು ಪರಿಶೀಲಿಸಿದರು. ಈ ಆರೂ ತಮ್ಮ ಕೈಯಲ್ಲೇ ಇದ್ದ ಸಮುದಾಯಗಳಲ್ಲಿ, ಅಧ್ಯಯನ ನಡೆದ ಐದು ವರ್ಷಗಳ ಅವಧಿಯಲ್ಲಿ ಯುವಜನರ ಆತ್ಮಹತ್ಯೆ ಒಂದೂ ದಾಖಲಾಗಿರಲಿಲ್ಲ. ಆರರಲ್ಲಿ ಒಂದೂ ಇಲ್ಲದ ಸಮುದಾಯಗಳಲ್ಲಿ ಅದರ ಪ್ರಮಾಣ ಅತ್ಯಧಿಕವಾಗಿತ್ತು. ತನ್ನ ಜನರ ನಿನ್ನೆ ಮತ್ತು ನಾಳೆಗಳೊಡನೆ ನಂಟು ಉಳಿಸಿಕೊಂಡ ಯುವಕನು ಕಷ್ಟದಲ್ಲೂ ಬದುಕಲು ಕಾರಣ ಕಂಡುಕೊಳ್ಳುತ್ತಾನೆ ಎಂದು ಅವರು ಅರ್ಥೈಸಿದರು.

ಮದೀನಾದ ಸಂತೆಯಲ್ಲಿ

ಇನ್ನು ನಮ್ಮದೇ ಇತಿಹಾಸದ ಕಡೆಗೆ ಬರೋಣ. ಝಾಹಿರ್(ರ) ಎಂಬ ಸಹಾಬಿ ಮರುಭೂಮಿಯ ವಾಸಿಯಾಗಿದ್ದರು. ನೋಡಲು ಸುಂದರರಾಗಿರಲಿಲ್ಲ. ಮರುಭೂಮಿಯಲ್ಲಿ ದೊರೆಯುವ ವಸ್ತುಗಳನ್ನು ಪ್ರವಾದಿ ಮುಹಮ್ಮದ್(ಸ)ರಿಗೆ ಕಾಣಿಕೆಯಾಗಿ ತರುತ್ತಿದ್ದರು. ಪ್ರವಾದಿಯವರು(ಸ) ಅವರಿಗೆ ಪಟ್ಟಣದ ವಸ್ತುಗಳನ್ನು ಕೊಟ್ಟು ಕಳುಹಿಸುತ್ತಿದ್ದರು ಮತ್ತು ಝಾಹಿರ್ ನಮ್ಮ ಮರುಭೂಮಿಯಾದರೆ ನಾವು ಅವರ ಪಟ್ಟಣವೆಂಬ ಅರ್ಥದಲ್ಲಿ ಪ್ರೀತಿಯಿಂದ ಮಾತನಾಡುತ್ತಿದ್ದರು. ಒಮ್ಮೆ ಅವರು ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿಯವರು(ಸ) ಹಿಂದಿನಿಂದ ಬಂದು ಅಪ್ಪಿಕೊಂಡು, ಈ ದಾಸನನ್ನು ಯಾರು ಕೊಳ್ಳುತ್ತೀರಿ ಎಂದು ತಮಾಷೆ ಮಾಡಿದರು. ನನ್ನನ್ನು ಮಾರಿದರೆ ನಿಮಗೆ ಬೆಲೆಯೇ ಸಿಗದು ಎಂದು ಝಾಹಿರ್(ರ) ಹೇಳಿದರು. ಅಲ್ಲಾಹನ ಬಳಿ ನೀವು ಬೆಲೆಯಿಲ್ಲದವರಲ್ಲ ಎಂಬುದು ಪ್ರವಾದಿಯವರ(ಸ) ಉತ್ತರವಾಗಿತ್ತು.

ಈ ಘಟನೆಯನ್ನು ನಾವು ಹಾಸ್ಯಪ್ರಸಂಗವೆಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಅದರಲ್ಲಿರುವ ಚಿಕಿತ್ಸೆಯನ್ನು ನೋಡಿರಿ. ತನಗೆ ಬೆಲೆಯಿಲ್ಲ ಎಂಬ ನೋವು ಆ ಮನುಷ್ಯನ ಬಾಯಿಂದ ಸಂತೆಯ ನಡುವೆ, ನಗುತ್ತಲೇ ಹೊರಬಂದಿತು. ಅದೇ ಸಂತೆಯ ನಡುವೆ, ಎಲ್ಲರೂ ಕೇಳುವಂತೆ ಅದಕ್ಕೆ ಉತ್ತರ ಸಿಕ್ಕಿತು. ಅವರ ನೆಲೆಯಾದ ಮರುಭೂಮಿಯನ್ನು, ಅವರ ದುಡಿಮೆಯ ಕಾಣಿಕೆಯನ್ನು ಪ್ರವಾದಿಯವರು(ಸ) ಮೊದಲೇ ಗೌರವಿಸಿದ್ದರಿಂದಲೇ ಆ ಮಾತು ಹೃದಯಕ್ಕೆ ಇಳಿಯಿತು.

ಹೆಸರಿನ ವಿಷಯದಲ್ಲೂ ಇದೇ ಎಚ್ಚರ ಕಾಣುತ್ತದೆ. ಒಬ್ಬರ ತಾಯಿಯ ಹೆಸರೆತ್ತಿ ಹೀಯಾಳಿಸಿದ ಸಹಾಬಿಯೊಬ್ಬರಿಗೆ, ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿಯವರು(ಸ) ಎಚ್ಚರಿಸಿದರು. ‘ಅವಿಧೇಯೆ’ ಎಂಬ ಅರ್ಥದ ಹೆಸರಿದ್ದ ಹೆಣ್ಣುಮಗಳಿಗೆ ‘ಜಮೀಲಾ’ ಎಂಬ ಚೆಂದದ ಹೆಸರನ್ನಿಟ್ಟರು. ಅಡ್ಡಹೆಸರುಗಳಿಂದ ಪರಸ್ಪರ ಹಂಗಿಸುವುದನ್ನು ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯವು ನಿಷೇಧಿಸಿದೆ. ಆದಮರ ಸಂತತಿಗೆ ಗೌರವ ಕೊಟ್ಟವನು ಸ್ವತಃ ಅಲ್ಲಾಹನೇ ಎಂದು ಅಲ್ ಇಸ್ರಾಅ್ ಅಧ್ಯಾಯವು ತಿಳಿಸುತ್ತದೆ. ಸೃಷ್ಟಿಕರ್ತನು ಕೊಟ್ಟ ಗೌರವವನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಅದು ನಮ್ಮ ಗಳಿಕೆಯಲ್ಲ, ನಮ್ಮಲ್ಲಿ ಇರಿಸಲಾದ ಅಮಾನತ್ತು.

ಹೊಗಳಿಕೆ ಆತ್ಮಗೌರವವಲ್ಲ

ಹಾಗಾದರೆ ಮಕ್ಕಳನ್ನು ದಿನವಿಡೀ ಹೊಗಳಿದರೆ ಸಾಕೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1986ರಲ್ಲಿ ಜನರ ಆತ್ಮಗೌರವವನ್ನು ಹೆಚ್ಚಿಸಲೆಂದೇ ಒಂದು ಕಾರ್ಯಪಡೆಯನ್ನು ನೇಮಿಸಿತ್ತು. ಆದರೆ 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದಾಗ, ಕೇವಲ ಆತ್ಮಗೌರವವನ್ನು ಉಬ್ಬಿಸುವುದರಿಂದ ಮಕ್ಕಳ ಓದು ಸುಧಾರಿಸುವುದಿಲ್ಲವೆಂಬುದು ಕಂಡುಬಂತು. ಕಾರಣವಿಲ್ಲದ ಹೊಗಳಿಕೆ ಗಾಳಿ ತುಂಬಿದ ಬಲೂನಿನಂತೆ. ನಮ್ಮ ವಿದ್ವಾಂಸರು ‘ಕಿಬ್ರ್’ ಮತ್ತು ‘ಇಝ್ಝತ್’ ಎಂದು ಮಾಡಿದ ವಿಂಗಡಣೆಯ ಮರ್ಮವೂ ಇದೇ. ಇತರರನ್ನು ಕೀಳಾಗಿ ಕಂಡು ತಾನು ಮೇಲೇರುವುದು ಕಿಬ್ರ್. ಯಾರನ್ನೂ ಕೀಳಾಗಿ ಕಾಣದೆ, ತಾನೂ ಕೀಳಲ್ಲವೆಂದು ತಿಳಿದು ಬಾಳುವುದು ಇಝ್ಝತ್. ವಿನಯ ಮತ್ತು ಕೀಳರಿಮೆ ಒಂದೇ ಅಲ್ಲ.

ನಮ್ಮ ಮನೆಗಳಿಗೆ ಪಾಠ

ಪ್ರಿಯ ಸಹೋದರ ಸಹೋದರಿಯರೇ, ಈ ಇತಿಹಾಸವು ನಮ್ಮ ಹೊಸ್ತಿಲನ್ನು ದಾಟಿ ಒಳಗೆ ಬರಬೇಕಾಗಿದೆ. ನಮ್ಮ ಮನೆಗಳಲ್ಲಿ ರೇಷ್ಮೆ ನೂಲು ಬಿಚ್ಚುವವರಿದ್ದಾರೆ, ಗುಜರಿ ಆಯುವವರಿದ್ದಾರೆ, ಪಂಕ್ಚರ್ ಹಾಕುವವರಿದ್ದಾರೆ. ‘ಪಂಕ್ಚರ್ ಅಂಗಡಿಯವನ ಮಗ’ ಎಂಬ ಮಾತನ್ನು ಬೈಗುಳವಾಗಿ ಕೇಳಿದ ಬಾಲಕನು ಮನೆಗೆ ಬಂದಾಗ ಅವನಿಗೆ ಏನು ಸಿಗುತ್ತದೆ? ಸ್ವಂತ ಕೈದುಡಿಮೆಯಿಂದ ಉಣ್ಣುತ್ತಿದ್ದ ಪ್ರವಾದಿ ದಾವೂದ್(ಅ)ರ ನೆನಪು ಸಿಗುತ್ತದೆಯೇ? ಅಥವಾ ‘ನೀನು ಯಾವುದಕ್ಕೂ ಬಾರದವನು’ ಎಂಬ ಎರಡನೆಯ ಬೈಗುಳವೇ? ಹೊರಗಿನ ಕನ್ನಡಿ ವಕ್ರವಾಗಿದ್ದಾಗ ಮನೆಯ ಕನ್ನಡಿಯಾದರೂ ನೇರವಾಗಿರಬೇಕು. ಅಂತೆಯೇ, ಕಾಡಿನಿಂದ ಸಂತೆಗೆ ಜೇನು ತರುವ ನೆರೆಯವನನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ, ಯಾವ ದರಕ್ಕೆ ಕೊಳ್ಳುತ್ತೇವೆ ಎಂಬುದಕ್ಕೂ ನಾವು ಉತ್ತರ ಕೊಡಬೇಕಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಯಳಂದೂರೇ ನಮಗೆ ಒಂದು ಹೆಸರನ್ನು ಕೊಟ್ಟಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ಇದೇ ಊರಿನವಳು. ಅವಳ ಪ್ರತಿಭೆಯನ್ನು ಅರಮನೆಯವರು ಗುರುತಿಸಿದರು, ಗುರುವೊಬ್ಬರು ಕಲಿಸಿದರು. ಅವಳು ಬರೆದ ಹದಿಬದೆಯ ಧರ್ಮದಲ್ಲಿ ಮಗಳನ್ನು ಮಗನಿಗಿಂತ ಕೀಳೆಂದು ಕಾಣುವವರನ್ನು ಪ್ರಶ್ನಿಸಿದಳು. ಊಳಿಗದ ಗುರುತಾಗಿದ್ದ ‘ಸಂಚಿ’ ಎಂಬ ಮಾತು ಇಂದು ಒಬ್ಬ ಕವಯಿತ್ರಿಯ ಬಿರುದಿನಂತೆ ಉಳಿದಿದೆ. ನಮ್ಮ ಮಗಳಲ್ಲಿರುವುದನ್ನು ಗುರುತಿಸುವವರು ಯಾರು?

ಕೊನೆಯದಾಗಿ ಒಂದು ಮಾತು. ಆತ್ಮಗೌರವದ ಪಾಲನೆಯಿಂದ ಎಲ್ಲ ಮನೋರೋಗಗಳೂ ವಾಸಿಯಾಗುವುದಿಲ್ಲ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ವೈದ್ಯರ ಬಳಿ ಹೋಗಲೇಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ದುಆ ಮತ್ತು ದವಾ ಒಂದಕ್ಕೊಂದು ವಿರೋಧಿಗಳಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯುವಂತೆ ಪ್ರವಾದಿಯವರೇ(ಸ) ಆದೇಶಿಸಿದ್ದಾರೆ.

ಯಾರ ಹೆಸರನ್ನೂ ಕೆಡಿಸದ ನಾಲಿಗೆಯನ್ನು, ಯಾರ ನೆಲೆಯನ್ನೂ ಕಸಿಯದ ಕೈಗಳನ್ನು, ಯಾರ ದುಡಿಮೆಯನ್ನೂ ಹೀನವೆಂದು ಕಾಣದ ಕಣ್ಣುಗಳನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಮನಸ್ಸು ನೊಂದವರಿಗೆ ನೆಮ್ಮದಿಯನ್ನು ಕರುಣಿಸಲಿ. ಆಮೀನ್.